ಆರಿಸದ ಕರ್ಪೂರ

ನಮ್ಮ ಕಡೆ ಬೆಟ್ಟದ ಮೇಲೆ ಒಲೆ ಹಚ್ಚುವವನಿಗೆ ಗಾಳಿಯೇ ಶತ್ರು. ಮಳೆ ಎಲ್ಲಿಂದ ಬರಬೇಕು, ಪಾಪ! ಇದು ನನಗೆ ಅರ್ಥವಾದದ್ದು ಪಾವಗಡದ ಕಡೆಯ ಒಂದು ಬೋಳು ಬಂಡೆಯ ಮೇಲೆ, ಆಷಾಢದಲ್ಲಿ. ಬೆನ್ನಿಗೆ ಚೀಲ ಏರಿಸಿ, ಅಕ್ಕಿ, ಬೇಳೆ, ಒಂದು ಪಾತ್ರೆ ಹೊತ್ತುಕೊಂಡು ನಾನೂ ನನ್ನ ಗೆಳೆಯನೂ ಬೆಳಗ್ಗೆಯಿಂದ ಹತ್ತಿದ್ದೆವು. ಮೂರು ಕಲ್ಲು ಹೂಡಿ, ಪುಳ್ಳೆ ಜೋಡಿಸಿ, ಕಡ್ಡಿ ಗೀರಿದರೆ ಫುಕ್ ಎಂದು ಆರಿತು. ಟವೆಲ್ ಅಡ್ಡ ಹಿಡಿದು ಗೀರಿದೆ. ಚೀಲದೊಳಗೆ ತಲೆ ತೂರಿಸಿಕೊಂಡು ಗೀರಿದೆ. ಪೊಟ್ಟಣ ಪೂರ್ತಿ ಖಾಲಿಯಾಯಿತು, ಒಲೆ ಮಾತ್ರ ಹತ್ತಲಿಲ್ಲ. ಕೊನೆಗೆ ಅವಲಕ್ಕಿಗೆ ತಣ್ಣೀರು ಚಿಮುಕಿಸಿಕೊಂಡು ತಿಂದೆವು. ಗೆಳೆಯ ಬಾಯಿ ತುಂಬ ಅವಲಕ್ಕಿ ಇಟ್ಟುಕೊಂಡೇ ನಕ್ಕ. ದನಕ್ಕೆ ಸೂಜಿ ಚುಚ್ಚುವ ಕೈಗೆ ಕಡ್ಡಿ ಗೀರಲು ಬರುವುದಿಲ್ಲವಲ್ಲ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಆಗ ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿದ್ದೆ. ಓದಿದ್ದು ಡಾಕ್ಟರಿಕೆಯಲ್ಲ, ಅದರ ಕೆಳಗಿನ ಕೋರ್ಸು. ಆದರೆ ಹಳ್ಳಿಯವರಿಗೆ ಸೂಜಿ ಹಿಡಿದವರೆಲ್ಲ ಡಾಕ್ಟರೇ, ನಾನೂ ಅದನ್ನು ತಿದ್ದಲು ಹೋಗಿರಲಿಲ್ಲ. ಗೆಳೆಯ ಶಿರಾದವನು. ಅಲ್ಲಿನ ಒಂದು ಸಣ್ಣ ಬೀದಿಯಲ್ಲಿ ಗ್ಯಾಸ್ ಒಲೆ, ಪಂಪ್ ಸ್ಟೌ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ಹಳೆಯ ಸ್ಟೌ ಒಂದನ್ನು ಬೆಟ್ಟಕ್ಕೆ ಒಯ್ಯೋಣವೆಂದು ರಿಪೇರಿಗೆ ಕೊಟ್ಟಿದ್ದೆ. ಇಷ್ಟು ಭಾರದ್ದನ್ನು ಹೊತ್ತು ಬೆಟ್ಟ ಹತ್ತುವ ಹುಚ್ಚು ಯಾರದು ನೋಡೋಣವೆಂದು ಜೊತೆಗೆ ಬಂದವನು ಎಂಟು ವರ್ಷ ಬಿಡಲಿಲ್ಲ. ಸ್ಟೌ ಎರಡೇ ಸಲಕ್ಕೆ ಅಟ್ಟ ಸೇರಿತು. ಅವನು ಮುಸ್ಲಿಂ. ನಮ್ಮ ಬೆಟ್ಟಗಳ ತುದಿಯಲ್ಲೆಲ್ಲ ಕುಂಕುಮ ಹಚ್ಚಿದ ಒಂದು ಕಲ್ಲಾದರೂ ಇದ್ದೇ ಇರುತ್ತದೆ. ಅಂಥ ಕಡೆ ನನಗಿಂತ ಮೊದಲು ಶೂ ಬಿಚ್ಚುತ್ತಿದ್ದವನು ಅವನೇ.

ಅಂಗಡಿಯಲ್ಲಿ ಅವನದೊಂದು ಪದ್ಧತಿ. ರಿಪೇರಿಯಾದ ಒಲೆಯನ್ನು ಮೊದಲು ಹಚ್ಚಿ ತೋರಿಸುತ್ತಿರಲಿಲ್ಲ. ಗುಬುಟು ತಿರುಗಿಸಿ ಗ್ಯಾಸು ಮುಚ್ಚಿ, ಬರ್ನರಿನ ಬಾಯಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಗುಳ್ಳೆ ಇಲ್ಲವೆಂದು ಖಾತ್ರಿಯಾದ ಮೇಲೇ ಕಡ್ಡಿ ಗೀರುವುದು. ಗಿರಾಕಿಗಳು ಹತ್ತುತ್ತದೋ ಇಲ್ಲವೋ ಬೇಗ ತೋರಿಸಯ್ಯಾ ಎಂದು ಗೊಣಗುವರು. ಹತ್ತುವುದನ್ನು ಮನೆಗೆ ಹೋಗಿ ನೀವೇ ನೋಡುತ್ತೀರಿ, ಆರುವುದನ್ನು ನಾನು ನೋಡಿ ಕಳಿಸಬೇಕು ಎಂದು ಅವನ ಉತ್ತರ. ನನಗೂ ಅದು ಅತಿಯಾಯಿತೆನಿಸುತ್ತಿತ್ತು. ಬಸ್ಸಿನ ಹೊತ್ತಾಯಿತು ಬಾರಯ್ಯಾ ಎಂದು ಎಷ್ಟೋ ಸಲ ರೇಗಿದ್ದೇನೆ.

ಪಾವಗಡದ ಆ ಅವಮಾನದ ನಂತರ ನನಗೆ ಹಟ ಹಿಡಿಯಿತು. ಗಾಳಿ ಬರಲಿ, ಇಬ್ಬನಿ ಬೀಳಲಿ, ಒಂದೇ ಏಟಿಗೆ ಬೆಂಕಿ ಹತ್ತಬೇಕು. ಬೆಂಕಿಕಡ್ಡಿಗಳ ತಲೆಯನ್ನು ಮೇಣದಲ್ಲಿ ಅದ್ದಿಟ್ಟೆ. ನೀರಿಗೆ ಬಿದ್ದರೂ ಕೆಡಲಿಲ್ಲ ನಿಜ, ಗೀರಿದರೆ ಮೇಣ ಉಜ್ಜಿಹೋಗುತ್ತಿತ್ತೇ ಹೊರತು ಹತ್ತುತ್ತಿರಲಿಲ್ಲ. ಲೈಟರ್ ತಂದೆ. ಚೀಲದಲ್ಲಿ ಅದರ ಬಟನ್ ಒತ್ತಿಕೊಂಡು ಗ್ಯಾಸೆಲ್ಲ ಸೋರಿ, ಕೊರಟಗೆರೆಯ ಬೆಟ್ಟದ ತುದಿಯಲ್ಲಿ ಬರೀ ಚಟ್ ಚಟ್ ಎಂದಿತು. ತೆಂಗಿನ ನಾರಿನ ಉಂಡೆ ಕಟ್ಟಿ ಸೀಮೆಎಣ್ಣೆಯಲ್ಲಿ ನೆನೆಸಿ ಒಯ್ದೆ. ಹತ್ತಿತು, ಚೆನ್ನಾಗಿಯೇ ಹತ್ತಿತು. ಆದರೆ ಚಪಾತಿ, ಚಟ್ನಿಪುಡಿ, ಬದಲಿ ಶರ್ಟು ಎಲ್ಲ ಸೀಮೆಎಣ್ಣೆ ನಾರಿದವು. ಗೆಳೆಯ ಒಂದು ತುತ್ತು ಬಾಯಿಗಿಟ್ಟು, ನನ್ನ ಅಂಗಡಿಯನ್ನೇ ಹೊತ್ತು ತಂದಿದ್ದೀರಲ್ಲ ಎಂದು ಕೈಮುಗಿದ.

ಆಮೇಲೆ ಆನ್‌ಲೈನಿನಲ್ಲಿ ಕಿಡಿ ಹಾರಿಸುವ ಕಡ್ಡಿಯೊಂದನ್ನು ತರಿಸಿದೆ. ಬೆರಳುದ್ದದ ಕಪ್ಪು ಲೋಹ, ಉಜ್ಜಲು ಒಂದು ತಗಡು. ವೀಡಿಯೊದಲ್ಲಿ ಯಾವನೋ ಹಿಮದ ನಡುವೆ ಕೂತು ಒಂದೇ ಏಟಿಗೆ ಹಚ್ಚುತ್ತಿದ್ದ. ನನಗೆ ಅರ್ಧ ಗಂಟೆ ಬೇಕಾಯಿತು, ಹೆಬ್ಬೆರಳ ಚರ್ಮವೂ ಕಿತ್ತುಬಂತು. ಅದನ್ನು ಉಜ್ಜಿ ಉಜ್ಜಿ ಬೆವರುತ್ತಿದ್ದಾಗ ಹಿಂದೆ ಮೇಕೆಗಳ ಸದ್ದಾಯಿತು. ನೋಡಿದರೆ ನನಗೆ ಬಹಳ ವರ್ಷದಿಂದ ಗೊತ್ತಿದ್ದ ಮೇಕೆ ಕಾಯುವ ಹೆಂಗಸು.

ಆಕೆಗೆ ಅರವತ್ತರ ಸುಮಾರು. ಮಧುಗಿರಿಗೂ ಕೊರಟಗೆರೆಗೂ ನಡುವಿನ ಆ ಬೆಟ್ಟದ ಬುಡದಲ್ಲೇ ಮನೆ. ಬೆಟ್ಟದ ಹೆಸರು ಇಲ್ಲಿ ಬೇಡ. ಇಪ್ಪತ್ತೆರಡು ಮೇಕೆ, ಅವಕ್ಕೆಲ್ಲ ಆ ಬೆಟ್ಟವೇ ಮೇವು. ಲಸಿಕೆಗೆ ಹೋದಾಗಲೆಲ್ಲ ಒಂದು ಲೋಟ ಮಜ್ಜಿಗೆ ಕೊಟ್ಟು, ನನ್ನನ್ನು ಡಾಕ್ಟ್ರಪ್ಪ ಎನ್ನುತ್ತಿದ್ದಳು. ನನ್ನ ಒದ್ದಾಟವನ್ನು ಸ್ವಲ್ಪ ಹೊತ್ತು ನೋಡಿ, ತನ್ನ ಅಪ್ಪ ಇದನ್ನೇ ಬಿಳಿ ಕಲ್ಲಲ್ಲಿ ಮಾಡುತ್ತಿದ್ದ, ಚಕಮಕಿ ಅನ್ನುತ್ತಿದ್ದೆವು ಎಂದಳು. ನಿನ್ನ ಹತ್ತಿರ ಬೆಂಕಿಪೊಟ್ಟಣ ಇದ್ದರೆ ಕೊಡಮ್ಮ ಎಂದು ಸೋತು ಕೇಳಿದೆ. ಆಕೆ ತಲೆಯಾಡಿಸಿದಳು. ಸಂಕ್ರಾಂತಿ ಕಳೆದ ಮೇಲೆ ಹುಲ್ಲು ಒಣಗಿರುತ್ತದೆ, ಮಳೆ ಬೀಳುವ ತನಕ ಬೆಟ್ಟಕ್ಕೆ ಬೆಂಕಿ ತರುವುದಿಲ್ಲ ಎಂದಳು. ಅದಕ್ಕೆಂದೇ ಬೀಡಿ ಬಿಟ್ಟು ಹೊಗೆಸೊಪ್ಪಿಗೆ ಇಳಿದಿದ್ದಳಂತೆ. ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೆ. ಮುಂದೆ ನಡೆದದ್ದನ್ನು ಓದುವಾಗ ಇದನ್ನು ಮರೆಯಬೇಡಿ, ನಾನಂತೂ ಮರೆತಂತೆ ನಟಿಸಿದೆ.

ಕೊನೆಗೆ ಕೈಹಿಡಿದದ್ದು ನಮ್ಮ ಮನೆಯ ದೇವರಗೂಡಿನಲ್ಲೇ ಇತ್ತು. ಕರ್ಪೂರ! ಒಂದು ಬಿಲ್ಲೆಯನ್ನು ಪುಳ್ಳೆಯ ಕೆಳಗಿಟ್ಟು ಕಿಡಿ ತಾಕಿಸಿದರೆ ಭಗ್ಗೆಂದು ಹತ್ತುತ್ತದೆ. ಗಾಳಿ ಹೊಡೆದಷ್ಟೂ ಜೋರಾಗುತ್ತದೆ. ಪರೀಕ್ಷೆಗೆಂದು ನೀರಿನ ಬಟ್ಟಲಲ್ಲಿ ತೇಲಿಬಿಟ್ಟೆ, ಅಲ್ಲೂ ಉರಿಯಿತು. ಹೆಂಡತಿ ದೇವರ ಸಾಮಾನಿನಲ್ಲಿ ಅಡುಗೆ ಒಲೆ ಹಚ್ಚುತ್ತೀರಲ್ಲ ಎಂದು ಬೈದಳು. ಬೈಸಿಕೊಂಡೆ. ಆಸ್ಪತ್ರೆಯ ಮುಲಾಮಿನ ಖಾಲಿ ಡಬ್ಬಿಯೊಂದನ್ನು ತೊಳೆದು ಒಣಗಿಸಿ ಅದರಲ್ಲಿ ಬಿಲ್ಲೆಗಳನ್ನು ತುಂಬಿಕೊಂಡೆ. ಎರಡು ವರ್ಷ ಒಂದೇ ಒಂದು ಸಲವೂ ಅದು ಕೈಕೊಡಲಿಲ್ಲ. ರಜೆಯಲ್ಲಿ ಬೆಟ್ಟ ಹತ್ತಲು ಬರುವ ಶಾಲೆಯ ಮೇಷ್ಟ್ರುಗಳಿಗೆಲ್ಲ ಭಾಷಣ ಬಿಗಿಯುತ್ತಿದ್ದೆ, ಸಾವಿರಾರು ಕೊಟ್ಟು ಏನೇನೋ ತರಿಸಬೇಡಿ, ಕರ್ಪೂರ ಒಯ್ಯಿರಿ ಎಂದು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಕರ್ಪೂರ ಚೀಲಕ್ಕೆ ಬಂದ ಮೇಲೆ ಇನ್ನೊಂದು ಅಭ್ಯಾಸವೂ ಜೊತೆಗೆ ಬಂತು. ದೇವರ ಸಾಮಾನಿನಲ್ಲಿ ಅನ್ನ ಬೇಯಿಸಿಕೊಂಡ ತಪ್ಪಿಗೋ ಏನೋ, ಇಳಿಯುವ ಮೊದಲು ಬೆಟ್ಟದಪ್ಪ ಎಂದು ಕರೆಯುವ ಆ ಕುಂಕುಮದ ಕಲ್ಲಿನ ಮುಂದೆ ಒಂದು ಬಿಲ್ಲೆ ಹಚ್ಚಿ ಕೈಮುಗಿಯುತ್ತಿದ್ದೆ. ಹಾಗೆ ಹಚ್ಚಿದ್ದನ್ನು ನಮ್ಮಲ್ಲಿ ಯಾರೂ ಊದಿ ಆರಿಸುವುದಿಲ್ಲ. ತಾನಾಗಿ ಉರಿದು ತಾನಾಗಿ ಆರಬೇಕು. ಚಿಕ್ಕವನಿದ್ದಾಗ ಒಮ್ಮೆ ಮಂಗಳಾರತಿಯ ಉರಿಯನ್ನು ಫೂ ಎಂದು ಊದಿದ್ದಕ್ಕೆ ಅಜ್ಜಿ ಕೆನ್ನೆಗೆ ಬಾರಿಸಿದ್ದಳು. ಆ ಏಟು ಇನ್ನೂ ಕೆನ್ನೆಯ ಮೇಲಿದೆ.

ಅವತ್ತು ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ನಾನೂ ಗೆಳೆಯನೂ ಆ ಮೇಕೆಯ ಹೆಂಗಸಿನ ಬೆಟ್ಟದ ಮೇಲೆಯೇ ರಾತ್ರಿ ತಂಗಿದ್ದು, ಬೆಳಗ್ಗೆ ಉಪ್ಪಿಟ್ಟು ಮಾಡಿ ತಿಂದೆವು. ಒಲೆ ಹೂಡಿದ್ದು ನಡುಬಂಡೆಯ ಮೇಲೆ, ಸುತ್ತ ಒಂದು ಗರಿಕೆಯೂ ಇಲ್ಲದ ಕಡೆ. ತಿಂದಾದ ಮೇಲೆ ಗೆಳೆಯ ಕೆಂಡದ ಮೇಲೆ ನೀರು ಸುರಿದು, ಕೋಲಿನಿಂದ ಕದಡಿ, ಮತ್ತೆ ಸುರಿದು, ಬೂದಿಯ ಮೇಲೆ ಅಂಗೈ ಇಟ್ಟು ನೋಡಿದ. ಅಷ್ಟು ಜೋಪಾನ. ಆಮೇಲೆ ನಾನು ಡಬ್ಬಿ ಹಿಡಿದು ಬೆಟ್ಟದಪ್ಪನ ಹತ್ತಿರ ಹೋದೆ. ಆ ಕಲ್ಲಿನ ಪಕ್ಕಕ್ಕೇ ಸೊಂಟದೆತ್ತರ ಬಾದೆ ಹುಲ್ಲು ಒಣಗಿ ನಿಂತಿತ್ತು. ಗಾಳಿ ಇದೆಯಲ್ಲ, ಚೆನ್ನಾಗಿ ಉರಿಯಲಿ ಎಂದು ಒಂದರ ಬದಲು ಆರು ಬಿಲ್ಲೆ ಪೇರಿಸಿ ಹಚ್ಚಿದೆ.

ಗೆಳೆಯ ಎಂದಿನಂತೆ ಶೂ ಬಿಚ್ಚಿ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ. ಉರಿಯನ್ನು ನೋಡಿದ, ಹುಲ್ಲನ್ನು ನೋಡಿದ. ಡಾಕ್ಟ್ರೇ, ಅದು... ಎಂದು ಬಾಯಿ ತೆರೆದ. ಅದನ್ನು ಆರಿಸುವ ಹಾಗಿಲ್ಲ, ತಾನೇ ಆರುತ್ತೆ ನಡಿ ಎಂದೆ. ಅವನು ಬಾಯಿ ಮುಚ್ಚಿದ. ಇಬ್ಬರೂ ಚೀಲ ಏರಿಸಿಕೊಂಡು ಇಳಿದೆವು.

ಮುಕ್ಕಾಲು ಬೆಟ್ಟ ಇಳಿದಾಗ ಹೊಗೆಯ ವಾಸನೆ ಬಂತು. ಯಾರೋ ಹೊಲದ ಬದು ಸುಡುತ್ತಿರಬೇಕು ಅಂದುಕೊಂಡೆ. ಬೈಕಿನ ಹತ್ತಿರ ಬಂದು ತಿರುಗಿ ನೋಡಿದರೆ ಬೆಟ್ಟದ ನೆತ್ತಿಯಲ್ಲಿ ಹೊಗೆ! ಕರ್ಪೂರ ಗಾಳಿಗೆ ಉರುಳಿ ಹುಲ್ಲಿಗೆ ಬಿದ್ದಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಚೀಲ ಎಸೆದು ಮತ್ತೆ ಹತ್ತಿದೆವು. ಬಂದರಿಕೆ ಸೊಪ್ಪು ಮುರಿದುಕೊಂಡು ಉರಿಯನ್ನು ಬಡಿದೆವು. ಒಂದು ಕಡೆ ಬಡಿದರೆ ಇನ್ನೊಂದು ಕಡೆ ಏಳುತ್ತಿತ್ತು. ಗೆಳೆಯನ ಹುಬ್ಬು ಸುಟ್ಟಿತು. ಅಷ್ಟರಲ್ಲಿ ಊರವರು ಬಂದರು, ಅರಣ್ಯದವರೂ ಬಂದರು. ಬೆಂಕಿ ಪಡುವಣ ಮಗ್ಗುಲನ್ನೆಲ್ಲ ತಿಂದು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಂಡೆಗಳ ಸಾಲಿಗೆ ಬಂದು ತಾನಾಗಿ ನಿಂತಿತು. ಎಲ್ಲರೂ ನಮ್ಮ ಬೆನ್ನು ತಟ್ಟಿದರು. ಬೆಂಕಿ ನೋಡಿ ಓಡಿಬಂದ ಒಳ್ಳೆಯ ಜನ ಅಂದುಕೊಂಡಿದ್ದರು. ನಾನು ಸುಮ್ಮನೆ ತಟ್ಟಿಸಿಕೊಂಡೆ. ಮನೆಗೆ ಬಂದು ಚೀಲ ಬಿಚ್ಚಿದಾಗ ಕರ್ಪೂರದ ಡಬ್ಬಿ ಇರಲಿಲ್ಲ. ಬೆಟ್ಟದಪ್ಪನ ಹತ್ತಿರವೇ ಮರೆತು ಬಂದಿದ್ದೆ, ಅದರ ಮೇಲೆ ಆಸ್ಪತ್ರೆಯ ಚೀಟಿ ಬೇರೆ ಹಾಗೇ ಅಂಟಿಕೊಂಡಿತ್ತು.

ಮರುದಿನ ಬೆಳಗ್ಗೆ ಫೋನು ಬಂತು, ಮೇಕೆಗಳು ಸುಟ್ಟಿವೆ ಬನ್ನಿ ಎಂದು. ಅದೇ ಹೆಂಗಸಿನ ಮನೆಯಿಂದ. ಬೆಂಕಿ ಇಳಿದ ಮಗ್ಗುಲಲ್ಲೇ ಆಕೆ ಮೇಕೆ ಮೇಯಿಸುತ್ತಿದ್ದಳಂತೆ. ಮಿಕ್ಕವನ್ನು ಹೊಡೆದುಕೊಂಡು ಓಡಿದಳು, ನಾಲ್ಕು ಹಿಂದೆ ಬಿದ್ದವು. ಗೊರಸಿನ ಸಂದಿಯೆಲ್ಲ ಬೆಂದಿತ್ತು. ಒಂದರ ಕೆಚ್ಚಲು ಬೊಬ್ಬೆ ಎದ್ದು ಮುಟ್ಟಿದರೆ ಕಿರುಚುತ್ತಿತ್ತು, ಅದು ಗಬ್ಬದ ಮೇಕೆ. ನಾನು ಕೂತು ತೊಳೆದೆ, ಮುಲಾಮು ಹಚ್ಚಿದೆ, ನೋವಿಗೆ ಸೂಜಿ ಕೊಟ್ಟೆ. ಆಕೆ ಒಂದೊಂದರ ತಲೆಯನ್ನೂ ತೊಡೆಯ ಮೇಲಿಟ್ಟುಕೊಂಡು ಹಿಡಿದಿದ್ದಳು. ಹೆಂಗೆ ಹತ್ತಿತು ಎಂದು ನಾನೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಆ ಹೊತ್ತಿಗೇ ಅರಣ್ಯದ ಗಾರ್ಡು ಬಂದ. ಮಳೆಗೆ ಹೊಸ ಹುಲ್ಲು ಚಿಗುರಲಿ ಅಂತ ಮೇಕೆಯವರೇ ಬೆಂಕಿ ಇಡುತ್ತಾರೆ, ನಿನ್ನೆ ಬೆಟ್ಟದಲ್ಲಿ ಇದ್ದವಳು ನೀನೊಬ್ಬಳೇ ಎಂದು ಶುರುಮಾಡಿದ. ಹೆಸರು ಬರೆದುಕೊಂಡಿದ್ದೇನೆ, ಇನ್ನು ಮೇಲೆ ನಿನ್ನ ಮೇಕೆ ಬೆಟ್ಟಕ್ಕೆ ಕಾಲಿಡಬಾರದು ಎಂದ. ತಾನು ಬೆಂಕಿ ಒಯ್ಯುವುದಿಲ್ಲವೆಂದು ಆಕೆ ಎರಡು ಸಲ ಹೇಳಿದಳು. ಅವನು ಕೇಳಿಸಿಕೊಳ್ಳಲಿಲ್ಲ, ನನ್ನ ಕಡೆ ತಿರುಗಿದ.

"ನೀವೇ ಹೇಳಿ ಸಾರ್, ಇವ್ರು ಬಿಟ್ರೆ ಬೆಟ್ಟಕ್ಕೆ ಇನ್ಯಾರು ಬೆಂಕಿ ಇಡ್ತಾರೆ?"

ನನ್ನ ಕೈಯಲ್ಲಿ ಮುಲಾಮು ಇತ್ತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಂಗೇನ್ ಗೊತ್ತು ಸಾರ್," ಎಂದೆ. "ನಾನು ಗಾಯ ನೋಡೋನು."

ನನಗೆ ಆ ಕ್ಷಣ ಕಂಡದ್ದು ನನ್ನ ಕೆಲಸ, ಪಿಂಚಣಿ, ಹೆಂಡತಿಯ ಮುಖ. ಆ ಮೇಕೆಗಳಿಗೆ ಬೆಟ್ಟ ಬಿಟ್ಟರೆ ಬೇರೆ ಮೇವಿಲ್ಲ, ಬೆಟ್ಟ ಮುಚ್ಚಿದರೆ ಅವನ್ನು ಮಾರಿಬಿಡಬೇಕು ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಔಷಧದ ಪೆಟ್ಟಿಗೆ ಮುಚ್ಚಿಕೊಂಡು ಎದ್ದು ಬಂದೆ.

ನಾಲ್ಕು ದಿನ ದಿನವೂ ಹೋಗಿ ಗಾಯ ತೊಳೆದೆ. ಮೇಕೆಗಳು ಕೊಟ್ಟಿಗೆಯಲ್ಲೇ ಕಟ್ಟಿಹಾಕಿಸಿಕೊಂಡು ಅರಚುತ್ತಿದ್ದವು. ಆಕೆ ರಸ್ತೆಬದಿಯ ಸೊಪ್ಪು ಮುರಿದು ತಂದು ಹಾಕುತ್ತಿದ್ದಳು, ಇಪ್ಪತ್ತೆರಡಕ್ಕೆ ಅದು ಯಾವ ಮೂಲೆಗೆ? ಮಜ್ಜಿಗೆ ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ನಾನು ಲೋಟವನ್ನು ಹಾಗೇ ಕೆಳಗಿಡುತ್ತಿದ್ದೆ. ಸುಳ್ಳೇ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದೆ. ಐದನೇ ದಿನ ಗಬ್ಬದ ಮೇಕೆ ದಿನ ತುಂಬುವ ಮೊದಲೇ ಕಂದು ಹಾಕಿತು. ಎರಡು ಸತ್ತ ಮರಿ, ಎರಡಕ್ಕೂ ಕೂದಲು ಬಂದಿತ್ತು.

ಆ ದಿನ ಶಿರಾಕ್ಕೆ ಹೋದೆ. ಯಾರ ಮೇಲಾದರೂ ಕೂಗಾಡಬೇಕಿತ್ತು, ಸಿಕ್ಕವನು ಗೆಳೆಯ. ಅವನು ಒಂದು ಬರ್ನರಿಗೆ ಸೋಪಿನ ನೊರೆ ಹಚ್ಚುತ್ತಾ ಕೂತಿದ್ದ. ಬೆಂಕಿಯ ಕೆಲಸ ಮಾಡುವವನು ನೀನು, ನಿನಗೆ ಗೊತ್ತಿತ್ತು, ಅವತ್ತೇ ಬಾಯಿ ಬಿಡಲು ಏನಾಗಿತ್ತು ನಿನಗೆ ಎಂದು ರೇಗಿದೆ. ಅವನು ನೊರೆಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಸುಟ್ಟ ಹುಬ್ಬು ಇನ್ನೂ ಬೆಳೆದಿರಲಿಲ್ಲ.

"ನಿಮ್ ದೇವ್ರ ಮುಂದಿನ ಉರಿ ಡಾಕ್ಟ್ರೇ," ಎಂದ. "ಆರ್ಸಿ ಅಂತ ನಾನ್ ಹೆಂಗ್ ಹೇಳ್ಲಿ?"

ಎಂಟು ವರ್ಷ ನನ್ನ ಹೆಗಲಿಗೆ ಹೆಗಲು ಕೊಟ್ಟು ನಡೆದವನು, ನನ್ನ ಸೀಮೆಎಣ್ಣೆ ಚಪಾತಿಗೆ ನಕ್ಕವನು, ಆ ಒಂದು ಮಾತಿಗೆ ಹೆದರಿದ್ದ. ಹೆದರಿದ್ದು ನನಗೇ. ಅವನೇ ಎದ್ದು ಅಂಗಡಿಯ ಬಾಗಿಲು ಎಳೆದ. ನಾನೂ ಅಲ್ಲೇ ಇದ್ದೆನಲ್ಲ, ನಡೀರಿ, ಇಬ್ಬರೂ ಹೋಗಿ ಹೇಳಿ ಬರೋಣ ಎಂದ.

ಅರಣ್ಯ ಕಚೇರಿಗೆ ಹೋಗುವ ಮೊದಲು ಆಕೆಗೆ ಹೇಳಬೇಕೆನಿಸಿತು. ಗೆಳೆಯ ರಸ್ತೆಯಲ್ಲಿ ಬೈಕಿನ ಹತ್ತಿರ ನಿಂತ. ಆಕೆ ಜಗುಲಿಯಲ್ಲಿ ಸೊಪ್ಪು ಹಸನು ಮಾಡುತ್ತಿದ್ದಳು. ನಾನು ನಿಂತೇ ಹೇಳಿದೆ, ಬೆಂಕಿ ಹತ್ತಿದ್ದು ನನ್ನ ಕರ್ಪೂರದಿಂದ ಎಂದು. ಬೈಯಲಿ, ಹೊಡೆಯಲಿ, ಕಾಲು ಹಿಡಿಯೋಣ ಅಂದುಕೊಂಡಿದ್ದೆ. ಆಕೆ ಎದ್ದು ಒಳಗೆ ಹೋಗಿ, ಸೂರಿನ ಸಂದಿಯಿಂದ ಏನನ್ನೋ ತೆಗೆದು ತಂದು ನನ್ನ ಮುಂದಿಟ್ಟಳು. ನನ್ನ ಡಬ್ಬಿ. ಆಸ್ಪತ್ರೆಯ ಚೀಟಿ ಹಾಗೇ ಇತ್ತು.

"ನೀವು ಇಳಿದ್ ಮ್ಯಾಲೆ ನಾನು ಅಲ್ಲೀಗೇ ಬಂದೆ. ಇನ್ನೂ ಉರೀತಿತ್ತು. ದೇವ್ರ ಮುಂದ್ಲುದ್ದು, ಹೆಂಗೆ ಆರ್ಸದು? ಕೈ ಮುಗ್ದು, ನಿನ್ ಡಬ್ಬಿ ಕೊಡಾನ ಅಂತ ಎತ್ಕಂಡು ಬಂದ್ಬುಟ್ಟೆ."

ಅಲ್ಲಿಗೆ ಮೂವರಾದೆವು. ಮೂವರೂ ನೋಡಿದ್ದೆವು, ಮೂವರೂ ಒಂದು ಹನಿ ನೀರು ಹಾಕದೆ ಬಂದಿದ್ದೆವು. ಹಾಗಾದರೆ ಗಾರ್ಡಿನ ಮುಂದೆ ಯಾಕಮ್ಮ ಹೇಳಲಿಲ್ಲ, ಡಬ್ಬಿ ತೋರಿಸಿದ್ದರೆ ಸಾಕಿತ್ತಲ್ಲ ಎಂದೆ. ಆಕೆ ದೊಡ್ಡ ಮನಸ್ಸಿನಿಂದ ನನ್ನನ್ನು ಕಾಪಾಡಿದಳು ಎಂಬ ಉತ್ತರವನ್ನು ನಾನು ಒಳಗೊಳಗೇ ಕಾಯುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

"ಹೇಳಿದ್ರೆ ನಿನ್ನ ಇಲ್ಲಿಂದ ಎತ್ತಾಕ್ತಾರೆ ಕಣಪ್ಪ. ನಾಳೀಕೆ ನನ್ನ ಮ್ಯಾಕೆ ಯಾರ್ ನೋಡ್ತಾರೆ?"

ಡಬ್ಬಿಯನ್ನು ನಾನು ತೆಗೆದುಕೊಳ್ಳಲಿಲ್ಲ. ಆಕೆ ಮತ್ತೆ ಸೂರಿಗೇ ಸಿಕ್ಕಿಸಿದಳು. ಹೇಳಬೇಡ ಎಂದೂ ಅನ್ನಲಿಲ್ಲ, ಹೇಳು ಎಂದೂ ಅನ್ನಲಿಲ್ಲ. ಸೊಪ್ಪಿನ ಮುಂದೆ ಕೂತಳು.

ಗಾರ್ಡು ಮೊದಲು ನಕ್ಕ. ಕರ್ಪೂರಕ್ಕೆ ಬೆಟ್ಟ ಸುಡುತ್ತದೆಯೇ ಎಂದ. ಆಮೇಲೆ ದನಿ ತಗ್ಗಿಸಿ, ನೀವೂ ಸರ್ಕಾರಿ ನೌಕರರು, ಯಾಕೆ ಸುಮ್ಮನೆ, ಆ ಹೆಂಗಸಿನ ಹೆಸರು ತೆಗೆದು ಯಾರೋ ಅಪರಿಚಿತರು ಅಂತ ಬರೆಯುತ್ತೇನೆ ಬಿಡಿ ಎಂದ. ಅಬ್ಬಾ ಎನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಗೆಳೆಯ ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿದ. ಅಪರಿಚಿತರು ಅಂದರೆ ಊರಿನವರ ಬಾಯಲ್ಲಿ ಆಕೆಯೇ ಆಗುತ್ತಾಳೆ, ಅದು ನನಗೂ ಗೊತ್ತಿತ್ತು. ಬರೆದು ಸಹಿ ಹಾಕಿದೆ. ಅದರ ಕೆಳಗೆ ಅವನೂ ಹಾಕಿದ.

ಆಕೆಯ ಮೇಕೆಗಳು ಮತ್ತೆ ಬೆಟ್ಟಕ್ಕೆ ಹೋದವು. ನನಗೆ ನೋಟಿಸು ಬಂತು, ಅದರ ಹಿಂದೆಯೇ ವರ್ಗಾವಣೆ ಬಂತು. ಅರಣ್ಯದವರ ಕೇಸು ಇನ್ನೂ ನಡೆಯುತ್ತಿದೆ. ಈಗ ನಾನು ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯಲ್ಲಿದ್ದೇನೆ. ಇಲ್ಲಿ ಕುರಿಗೆ ಗೊರ್ರೆ ಎನ್ನುತ್ತಾರೆ, ಅರ್ಧ ಮಾತು ನನಗೆ ತಿಳಿಯುವುದಿಲ್ಲ. ಹಿಂದಿನ ಆಸ್ಪತ್ರೆಯಲ್ಲಿ ನನ್ನ ಜಾಗ ಇನ್ನೂ ಖಾಲಿ. ಬೆಟ್ಟ ಹತ್ತುವುದು ನಿಂತಿದೆ. ಗೆಳೆಯ ಆಗಾಗ ಫೋನು ಮಾಡುತ್ತಾನೆ, ಇಬ್ಬರೂ ಬೇರೆ ಏನೇನೋ ಮಾತಾಡಿ ಇಡುತ್ತೇವೆ.

ಮುಂಗಾರಿನ ನಾಲ್ಕು ಹನಿ ಬಿದ್ದ ಮೇಲೆ ಒಂದು ಮಧ್ಯಾಹ್ನ ಆಕೆಯ ಫೋನು ಬಂತು. ಸುಟ್ಟಿದ್ದ ನಾಲ್ಕರಲ್ಲಿ ಒಂದರ ಗೊರಸು ವಾಸಿಯಾಗಿರಲಿಲ್ಲ, ನೊಣ ಕೂತು ಹುಳ ಬಿದ್ದಿತ್ತು. ಆಸ್ಪತ್ರೆಗೆ ಎರಡು ದಿನ ಮೇಕೆ ಹೊತ್ತುಕೊಂಡು ಹೋಗಿ ಬೀಗ ನೋಡಿ ಬಂದಿದ್ದಳು. ಹುಳಕ್ಕೆ ಮನೆಯಲ್ಲೇ ಮಾಡುವ ಔಷಧವೊಂದಿದೆ, ಬೇವಿನೆಣ್ಣೆಯಲ್ಲಿ ಕರ್ಪೂರ ಅರೆದು ತುಂಬುವುದು. ಮನೆಯಲ್ಲಿ ಕರ್ಪೂರ ಇದೆಯೇನಮ್ಮ ಎಂದು ಕೇಳಿದೆ.

"ನಿನ್ ಡಬ್ಬೀಲಿ ಅಂಗೇ ಐತೆ," ಎಂದಳು.

ಎಷ್ಟು ಅರೆಯಬೇಕು, ಹುಳ ಹೇಗೆ ತೆಗೆಯಬೇಕು, ಬಟ್ಟೆ ಹೇಗೆ ಕಟ್ಟಬೇಕು ಎಲ್ಲ ಹೇಳಿದೆ. ಹೂಂ ಹೂಂ ಎಂದು ಕೇಳಿಸಿಕೊಂಡಳು. ಭಾನುವಾರ ಬರುತ್ತೇನೆ ಎಂದೂ ಹೇಳಿದೆ. ಆ ಕಡೆ ಮೇಕೆ ಅರಚುತ್ತಿತ್ತು.

"ಇದ್ಕೇ ಕಣಪ್ಪ ನಾನು ಬಾಯ್ ಮುಚ್ಕಂಡಿದ್ದು," ಎಂದು ಫೋನಿಟ್ಟಳು.

ಅಂದು ಬುಧವಾರ.